ಬ್ಯಾಟಿನ ಗದ್ದಲ ಜೋರು, ಓಕ್ಲೆಂಡಿನ ಮಾತೇ ಇಲ್ಲ: ಬೇಸ್‌ಬಾಲ್ 2025ರ ಋತು ಆರಂಭದ ಚರ್ಚೆ

ಫ್ರೀಮಾಂಟ್ ಮಲೆನಾಡಿಗ

ಮಾರ್ಚ್ 29ರಂದು ನ್ಯೂಯಾರ್ಕ್ ಯಾಂಕೀಸ್ ತಂಡ ಮಿಲ್ವಾಕಿ ಬ್ರೂವರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಒಂಬತ್ತು ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರಿನಂತೆ ಚೆಂಡು ಬೇಲಿ ದಾಟುವ ಹೊಡೆತ) ಹೊಡೆದು 20-9ರಿಂದ ಗೆದ್ದಿತು. ಅಂದಿನಿಂದ ಇಲ್ಲಿ ಅಮೆರಿಕದ ಕ್ರೀಡಾ ವಾಹಿನಿಗಳಲ್ಲಿ ಟಾರ್ಪಿಡೊ ಬ್ಯಾಟನ್ನು ಬಿಟ್ಟರೆ ಬೇರೆ ಮಾತಿಲ್ಲ. ಬ್ಯಾಟಿನ ಹೊಟ್ಟೆ ದಪ್ಪ ಮಾಡಿ ತುದಿ ಸಣ್ಣದು ಮಾಡಿದ್ದು ನ್ಯಾಯವೇ ಎಂದು ಎಲ್ಲರೂ ವಾದಿಸುತ್ತಿದ್ದಾರೆ.

ಅದಾಗಿ ಎರಡು ದಿನಕ್ಕೆ, ಮಾರ್ಚ್ 31ರಂದು, ಸ್ಯಾಕ್ರಮೆಂಟೊ ನದಿಯ ಆಚೆ ದಡದಲ್ಲಿರುವ ಒಂದು ಚಿಕ್ಕ ಮೈದಾನದಲ್ಲಿ ಅಥ್ಲೆಟಿಕ್ಸ್ ತಂಡ ತನ್ನ ಮೊದಲ 'ತವರಿನ' ಪಂದ್ಯವನ್ನು ಶಿಕಾಗೊ ಕಬ್ಸ್ ಎದುರು 18-3ರಿಂದ ಸೋತಿತು. ಆ ಸುದ್ದಿ ಒಂದು ದಿನವೂ ನಿಲ್ಲಲಿಲ್ಲ. ಸೋಲಿನ ಬಗ್ಗೆ ನನಗೆ ದೂರಿಲ್ಲ. 1968ರಿಂದ 2024ರವರೆಗೆ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿದ್ದ, ಅಲ್ಲಿಯೇ ನಾಲ್ಕು ಬಾರಿ ವಿಶ್ವ ಸರಣಿ, ಅಂದರೆ ವರ್ಷದ ಅಂತಿಮ ಸರಣಿ, ಗೆದ್ದ (1972, 73, 74 ಮತ್ತು 1989) ತಂಡವೊಂದು ಈಗ ಯಾವ ಊರಿನ ಹೆಸರೂ ಇಲ್ಲದೆ ಬರೀ 'ಅಥ್ಲೆಟಿಕ್ಸ್' ಎಂದು ಆಡುತ್ತಿದೆ. ಅಂಗಿಯ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊ ಸೇತುವೆಯ ಚಿತ್ರ, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಾಸ್. ಓಕ್ಲೆಂಡಿನ ಗುರುತು ಎಲ್ಲಿಯೂ ಇಲ್ಲ.

ಕಳೆದ ಸೆಪ್ಟೆಂಬರ್ 26ರಂದು ಓಕ್ಲೆಂಡ್ ಕೊಲಿಸಿಯಂನಲ್ಲಿ ಕಡೆಯ ಪಂದ್ಯಕ್ಕೆ 46,889 ಜನ ಬಂದಿದ್ದರು. ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಟೆಕ್ಸಸ್ ವಿರುದ್ಧ 3-2ರಿಂದ ಗೆದ್ದರು. ಪಂದ್ಯ ಮುಗಿದರೂ ಜನ ಏಳಲಿಲ್ಲ. ಜನರೇ ಬರುವುದಿಲ್ಲ, ಅದಕ್ಕೆ ತಂಡ ಬಿಟ್ಟುಹೋಗುತ್ತಿದೆ ಎಂದು ವರ್ಷಗಟ್ಟಲೆ ಹೇಳಿದವರು ಆ ದಿನದ ಮೈದಾನವನ್ನು ನೋಡಬೇಕಿತ್ತು. ಹೊಸ ಋತುವಿನ ದೊಡ್ಡ ವಿವಾದ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದೊಂದೇ. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ. ಬ್ಯಾಟಿನ ಬಗ್ಗೆಯೂ ಬರೆಯಿರಿ, ತಕರಾರಿಲ್ಲ.

ಎಡಿಸನ್ ಓದುಗ

ಸರ್, ನಾನು ಯಾಂಕೀಸ್ ಅಭಿಮಾನಿ. ಬ್ಯಾಟಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರಿಗೆ ಮೋಸದ ಹಣೆಪಟ್ಟಿ ಹಚ್ಚುತ್ತಿರುವುದು ಸರಿಯಲ್ಲ.

ನಿಯಮ ಇಷ್ಟೇ: ಬ್ಯಾಟು ಒಂದೇ ತುಂಡು ಗಟ್ಟಿ ಮರದ್ದಾಗಿರಬೇಕು, ಅತಿ ದಪ್ಪನೆಯ ಭಾಗದ ವ್ಯಾಸ 2.61 ಅಂಗುಲ ಮೀರಬಾರದು, ಉದ್ದ 42 ಅಂಗುಲ ದಾಟಬಾರದು. ಆ ದಪ್ಪ ಎಲ್ಲಿ ಬರಬೇಕು ಎಂದು ಯಾರೂ ಹೇಳಿಲ್ಲ. ಮೊದಲಿನಿಂದಲೂ ತುದಿಯ ಕಡೆಗೇ ಇಟ್ಟುಕೊಂಡು ಬಂದದ್ದು ರೂಢಿ. ಏರನ್ ಲೀನ್‌ಹಾರ್ಟ್ ಎಂಬವರು ಎಂಐಟಿಯಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಪಡೆದವರು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಯಾಂಕೀಸ್‌ನಲ್ಲಿದ್ದಾಗ ಅವರು ಆಟಗಾರರನ್ನೇ ಕೇಳಿದರು: ಚೆಂಡು ನಿಮ್ಮ ಬ್ಯಾಟಿಗೆ ಹೆಚ್ಚಾಗಿ ಎಲ್ಲಿ ತಾಗುತ್ತದೆ? ತಾಗುವ ಜಾಗಕ್ಕೇ ಮರವನ್ನು ಸರಿಸಿದರು. ಒಟ್ಟು ತೂಕ ಮೊದಲಿನಷ್ಟೇ. ತುದಿಯ ಭಾರ ಕೈಯ ಕಡೆಗೆ ಬಂದದ್ದರಿಂದ ಬೀಸುವುದು ಸ್ವಲ್ಪ ಹಗುರವಾಗುತ್ತದೆ. ಆದರೆ ದೂರದ ಚೆಂಡಿಗೆ ತುದಿಯಲ್ಲಿ ಹೊಡೆಯುವವನಿಗೆ ಇದರಿಂದ ನಷ್ಟವೇ.

ಆ ದಿನ ಮೂರು ಹೋಂ ರನ್ ಹೊಡೆದ ಏರನ್ ಜಡ್ಜ್ ಬಳಸಿದ್ದು ಹಳೆಯ ಬ್ಯಾಟು! ಇದನ್ನು ಯಾರೂ ಹೇಳುತ್ತಿಲ್ಲ. ಬ್ರೂವರ್ಸ್ ಪಿಚರ್ (ಚೆಂಡು ಎಸೆಯುವವರು) ನೆಸ್ಟರ್ ಕೋರ್ಟೆಸ್ ಡಿಸೆಂಬರ್‌ವರೆಗೆ ಯಾಂಕೀಸ್‌ನಲ್ಲೇ ಇದ್ದವರು. ಅವರು ಎಸೆದ ಮೊದಲ ಮೂರು ಚೆಂಡುಗಳೂ ಹೋಂ ರನ್ ಆದವು: ಗೋಲ್ಡ್‌ಶ್ಮಿಟ್, ಬೆಲಿಂಜರ್, ಜಡ್ಜ್. ಎಸೆತವೂ ಕೆಟ್ಟದಾಗಿತ್ತು. ಈ ತಂಡಗಳೆಲ್ಲ ಆಡುವ ಮೇಜರ್ ಲೀಗ್ ಕೂಡ ಈ ಬ್ಯಾಟುಗಳು ನಿಯಮದೊಳಗೇ ಇವೆ ಎಂದು ಹೇಳಿಯಾಗಿದೆ. ಸಿನ್ಸಿನಾಟಿಯ ಎಲಿ ಡಿ ಲಾ ಕ್ರೂಸ್ ಸೋಮವಾರ ಅದನ್ನೇ ಹಿಡಿದು ಎರಡು ಹೋಂ ರನ್ ಹೊಡೆದರು. ಇನ್ನು ಎಲ್ಲ ತಂಡಗಳೂ ತರಿಸಿಕೊಳ್ಳುತ್ತವೆ.

ಓಕ್ಲೆಂಡಿನ ವಿಷಯದಲ್ಲಿ ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಕೊಲಿಸಿಯಂ ಹಾಳು ಬಿದ್ದಿತ್ತಲ್ಲವೇ? ಚರಂಡಿ ನೀರು ಆಟಗಾರರ ಕೋಣೆಗೆ ನುಗ್ಗಿದ ಸುದ್ದಿಯನ್ನು ನಾನೇ ಓದಿದ್ದೇನೆ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಬೇಸ್‌ಬಾಲ್ ನೋಡುವುದನ್ನು ಇತ್ತೀಚೆಗೆ ಕಲಿತವನು, ಆದರೆ ಬ್ಯಾಟಿನ ಈ ಕಥೆ ಕ್ರಿಕೆಟ್ ನೋಡುವವರಿಗೆ ಹೊಸದಲ್ಲ. ನಮ್ಮ ಪಿಚ್‌ಗಳಲ್ಲಿ ಚೆಂಡು ಕೆಳಗೆ ಉಳಿಯುತ್ತದೆ ಎಂದು ಬ್ಯಾಟಿನ ಉಬ್ಬನ್ನು ಕೆಳಭಾಗದಲ್ಲಿ ಇಡಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಚೆಂಡು ಎದೆಯೆತ್ತರಕ್ಕೆ ಬರುವುದರಿಂದ ಉಬ್ಬು ಮೇಲೆ ಇರುತ್ತದೆ. ಲೀನ್‌ಹಾರ್ಟ್ ಮಾಡಿದ್ದೂ ಇದನ್ನೇ ಎಂದು ನನಗೆ ತೋರುತ್ತದೆ. 1979ರಲ್ಲಿ ಪರ್ತ್‌ನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ತಂದಾಗ ಅದನ್ನು ಬದಲಾಯಿಸಬೇಕಾಯಿತು, ಆಮೇಲೆ ಬ್ಯಾಟು ಮರದ್ದೇ ಆಗಿರಬೇಕೆಂಬ ನಿಯಮ ಬಂತು. 2010ರ ಐಪಿಎಲ್‌ನಲ್ಲಿ ಮ್ಯಾಥ್ಯೂ ಹೇಡನ್ ಉದ್ದ ಹಿಡಿಕೆಯ ಮಂಗೂಸ್ ಬ್ಯಾಟು ಬೀಸಿದಾಗ ಯಾರೂ ತಡೆಯಲಿಲ್ಲ, ಅದು ತಾನಾಗಿಯೇ ಮೂಲೆ ಸೇರಿತು. ಅಂಚಿನ ದಪ್ಪ 40 ಮಿಲಿಮೀಟರ್ ಮೀರಬಾರದು ಎಂಬ ಮಿತಿ ಬಂದದ್ದು 2017ರಲ್ಲಿ. ನಿಯಮದ ಒಳಗಿದ್ದರೆ ಆಡಲಿ, ಹೊರಗೆ ಹೋದರೆ ನಿಯಮ ಬದಲಾಯಿಸಲಿ.

ನನಗೆ ನಿಜವಾಗಿಯೂ ಅರ್ಥವಾಗದಿರುವುದು ಮಲೆನಾಡಿಗ ಅವರ ವಿಷಯ. ಒಂದು ತಂಡ ಹೇಗೆ ಊರು ಬಿಟ್ಟು ಹೋಗುತ್ತದೆ? ರಣಜಿಯಲ್ಲಿ ಕರ್ನಾಟಕ ತಂಡ ಎಂದರೆ ಅದು ಕರ್ನಾಟಕದ್ದು. ಮುಂಬೈಯ ಹದಿನೈದು ವರ್ಷದ ಓಟವನ್ನು 1974ರಲ್ಲಿ ನಿಲ್ಲಿಸಿದ ತಂಡವನ್ನು ಯಾರೋ ಒಬ್ಬ ಶ್ರೀಮಂತ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋಗುವುದನ್ನು ಊಹಿಸಲೂ ಆಗದು. ಅಲ್ಲಿನ ಸರ್ಕಾರವಾಗಲಿ ನ್ಯಾಯಾಲಯವಾಗಲಿ ಏನೂ ಮಾಡುವುದಿಲ್ಲವೇ?

ಹುಬ್ಬಳ್ಳಿ ವಕೀಲ

ಜಯನಗರದವರ ಪ್ರಶ್ನೆಗೆ ಉತ್ತರ 1922ರಲ್ಲಿದೆ. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು, ಬರೆದವರು ನ್ಯಾಯಮೂರ್ತಿ ಹೋಮ್ಸ್. ಬೇಸ್‌ಬಾಲ್ ಪಂದ್ಯ ನಡೆಸುವುದು ರಾಜ್ಯಗಳ ನಡುವಿನ ವಾಣಿಜ್ಯವಲ್ಲ, ಆದ್ದರಿಂದ ಏಕಸ್ವಾಮ್ಯ ತಡೆ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ ಎಂಬುದು ಅದರ ತಿರುಳು. 1953ರಲ್ಲಿ, ಮತ್ತೆ 1972ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎರಡನೆಯ ಸಲವಂತೂ ಇದು ಅಸಂಗತ ಎಂದು ಒಪ್ಪಿಕೊಂಡೇ, ಸರಿಪಡಿಸುವುದು ಸಂಸತ್ತಿನ ಕೆಲಸ ಎಂದು ಬಿಟ್ಟಿತು. 1998ರಲ್ಲಿ ಸಂಸತ್ತು ಕಾನೂನು ಮಾಡಿತು, ಆದರೆ ಅದು ಮೇಜರ್ ಲೀಗ್ ಆಟಗಾರರ ಉದ್ಯೋಗದ ವಿಷಯಕ್ಕೆ ಮಾತ್ರ. ಯಾವ ತಂಡ ಯಾವ ಊರಿನಲ್ಲಿ ಇರಬೇಕು ಎಂಬುದನ್ನು ಮುಟ್ಟಲಿಲ್ಲ.

ಇದರ ಪರಿಣಾಮವನ್ನು ಗಮನಿಸಿ. ಇಡೀ ಲೀಗಿಗೆ 30 ತಂಡ. ಹೊಸ ತಂಡ ಯಾರಿಗೆ, ಹಳೆಯದು ಎಲ್ಲಿಗೆ, ಯಾವ ಜಿಲ್ಲೆ ಯಾರ ಪ್ರದೇಶ ಎಂಬುದನ್ನೆಲ್ಲ ತೀರ್ಮಾನಿಸುವವರು ಆ ಮೂವತ್ತು ಮಾಲೀಕರೇ. 2023ರ ನವೆಂಬರ್‌ನಲ್ಲಿ ಓಕ್ಲೆಂಡ್ ಬಿಟ್ಟು ಲಾಸ್ ವೇಗಾಸಿಗೆ ಹೋಗಲು ಅವರು ಅವಿರೋಧವಾಗಿ ಮತ ಹಾಕಿದರು. ಒಂದೇ ಒಂದು ಮತ ವಿರುದ್ಧ ಬೀಳಲಿಲ್ಲ. ಊರಿನ ಜನರಿಗೆ ಆ ಕೋಣೆಯಲ್ಲಿ ಕುರ್ಚಿಯೇ ಇಲ್ಲ.

ಫ್ರೀಮಾಂಟ್ ಮಲೆನಾಡಿಗ

ವಕೀಲರೇ, ನೀವು ಹೇಳಿದ 'ಯಾವ ಜಿಲ್ಲೆ ಯಾರ ಪ್ರದೇಶ' ಎಂಬುದೇ ಈ ದುರಂತದ ಬೇರು. ಇಲ್ಲಿರುವ ಕನ್ನಡಿಗರಲ್ಲಿಯೂ ಅನೇಕರಿಗೆ ಇದು ಗೊತ್ತಿಲ್ಲ, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಸ್ಯಾನ್ ಹೋಸೆ, ಸನ್ನಿವೇಲ್, ಸಾಂತಾ ಕ್ಲಾರಾ ಇರುವ ಜಿಲ್ಲೆ ಯಾವ ತಂಡಕ್ಕೂ ಮೀಸಲಾಗಿರಲಿಲ್ಲ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ಅಲ್ಲಿಗೆ ಹೋಗಬಯಸಿತು. ಓಕ್ಲೆಂಡ್ ತಂಡದ ಆಗಿನ ಮಾಲೀಕ ವಾಲ್ಟರ್ ಹಾಸ್ ಒಂದು ಬಿಡಿಗಾಸೂ ಕೇಳದೆ ಒಪ್ಪಿಗೆ ಕೊಟ್ಟರು. ಪಕ್ಕದ ಊರಿನ ತಂಡ ಉಳಿಯಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಸ್ಯಾನ್ ಹೋಸೆಯ ಮತದಾರರು 1992ರಲ್ಲಿ ಕ್ರೀಡಾಂಗಣಕ್ಕೆ ಹಣ ಕೊಡಲು ಒಪ್ಪಲಿಲ್ಲ, ಜೈಂಟ್ಸ್ ಹೋಗಲಿಲ್ಲ. ಆದರೆ ಆ ಜಿಲ್ಲೆಯ ಹಕ್ಕು ಅವರ ಬಳಿಯೇ ಉಳಿಯಿತು. ಮುಂದೆ ಓಕ್ಲೆಂಡ್ ತಂಡಕ್ಕೇ ಅಲ್ಲಿಗೆ ಹೋಗಬೇಕೆನಿಸಿದಾಗ ಜೈಂಟ್ಸ್ ಬಿಟ್ಟುಕೊಡಲಿಲ್ಲ. ಸ್ಯಾನ್ ಹೋಸೆ ನಗರ 2013ರಲ್ಲಿ ಮೊಕದ್ದಮೆ ಹೂಡಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿದ್ದು ವಕೀಲರು ಹೇಳಿದ ಅದೇ 1922ರ ವಿನಾಯಿತಿಯನ್ನು ಮುಂದಿಟ್ಟುಕೊಂಡು.

ನಮ್ಮ ಫ್ರೀಮಾಂಟ್ ಕೂಡ ಈ ಕಥೆಯಲ್ಲಿದೆ. 2006ರಲ್ಲಿ ಇಲ್ಲಿ ಹೊಸ ಮೈದಾನ ಕಟ್ಟುವುದಾಗಿ ಘೋಷಿಸಿದರು, 2009ರಲ್ಲಿ ಕೈಬಿಟ್ಟರು. 2017ರಲ್ಲಿ ಓಕ್ಲೆಂಡಿನ ಲೇನಿ ಕಾಲೇಜಿನ ಪಕ್ಕ ಎಂದರು, ಆಮೇಲೆ ಬಂದರಿನ ಹೊವರ್ಡ್ ಟರ್ಮಿನಲ್ ಎಂದರು, 2023ರ ಏಪ್ರಿಲ್‌ನಲ್ಲಿ ಲಾಸ್ ವೇಗಾಸ್ ಎಂದರು.

ಎಡಿಸನ್ ಸರ್, ಚರಂಡಿ ನೀರಿನ ವಿಷಯ ನಿಜ. ಆದರೆ ಮೈದಾನ ಹಳೆಯದಾಗುತ್ತಿದ್ದಂತೆ ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಮಾರಿದ್ದು, ತಂಡ ಸೋಲುತ್ತಿದ್ದಾಗ ಟಿಕೆಟ್ ದರ ಏರಿಸಿದ್ದು ಚರಂಡಿಯ ತಪ್ಪಲ್ಲ. 2023ರ ಜೂನ್ 13ರಂದು ಅಭಿಮಾನಿಗಳು 'ತಿರುಗು ಬಹಿಷ್ಕಾರ' ಎಂದು ಕರೆಕೊಟ್ಟು, ಬರಬಾರದೆಂದಲ್ಲ, ಎಲ್ಲರೂ ಬನ್ನಿರೆಂದು ಹೇಳಿ 27,759 ಜನರನ್ನು ಸೇರಿಸಿದರು. ಎಲ್ಲರ ಅಂಗಿಯ ಮೇಲೂ ತಂಡವನ್ನು ಮಾರಿ ಎಂಬ ಒಂದೇ ಮಾತು. ಮಾಲೀಕ ಜಾನ್ ಫಿಷರ್ ಕೇಳಿಸಿಕೊಳ್ಳಲಿಲ್ಲ.

ಈಗ ನೋಡಿ, ಊರು ಬಿಟ್ಟ ಕೂಡಲೇ ಪಿಚರ್ ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್! ತಂಡದ ಇತಿಹಾಸದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಒಪ್ಪಂದ ಅದಾಗಿತ್ತು. ಓಕ್ಲೆಂಡಿನಲ್ಲಿದ್ದಾಗ ಇಲ್ಲದ ದುಡ್ಡು ಈಗ ಎಲ್ಲಿಂದ ಬಂತು?

ಫೋಲ್ಸಮ್ ಕನ್ನಡತಿ

ನಾನು ಸ್ಯಾಕ್ರಮೆಂಟೊ ಹತ್ತಿರ ಇರುವವಳು. ಇಲ್ಲಿನವರ ಪರವಾಗಿಯೂ ಎರಡು ಮಾತು ಹೇಳಬೇಕು.

ಸುಟ್ಟರ್ ಹೆಲ್ತ್ ಪಾರ್ಕ್‌ನಲ್ಲಿ ಹೆಚ್ಚೆಂದರೆ 14,000 ಜನ ಹಿಡಿಸುತ್ತಾರೆ. ಅದು ರಿವರ್ ಕ್ಯಾಟ್ಸ್ ಎಂಬ ಕೆಳದರ್ಜೆ ತಂಡದ ಮೈದಾನ. ಈಗ ಎರಡೂ ತಂಡಗಳು ಒಂದೇ ಹುಲ್ಲಿನ ಮೇಲೆ ಆಡಬೇಕು. ಆಟಗಾರರ ಕೋಣೆಗಳು ಡಗೌಟಿನ (ಮೈದಾನದ ಅಂಚಿನಲ್ಲಿ ಆಟಗಾರರು ಕೂರುವ ಜಾಗ) ಹಿಂದೆ ಇಲ್ಲ, ಹೊರಮೈದಾನದ ಗೋಡೆಯ ಆಚೆ ಇವೆ. ಪಂದ್ಯದ ನಡುವೆ ಒಬ್ಬ ಆಟಗಾರ ಕೋಣೆಗೆ ಹೋಗಬೇಕೆಂದರೆ ಮೈದಾನ ದಾಟಿಯೇ ಹೋಗಬೇಕು. ಜುಲೈನಲ್ಲಿ ಇಲ್ಲಿನ ಬಿಸಿಲು ಹೇಗಿರುತ್ತದೆ ಎಂದು ನಮಗೆ ಗೊತ್ತು.

ಆದರೂ ನಮ್ಮ ಮಕ್ಕಳಿಗೆ ಇದು ಹಬ್ಬ. ಮೇಜರ್ ಲೀಗ್ ಆಟಗಾರರನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಈ ಊರಿಗೆ ಯಾವತ್ತೂ ಸಿಕ್ಕಿರಲಿಲ್ಲ. ನಮ್ಮ ಬಾಸ್ಕೆಟ್‌ಬಾಲ್ ತಂಡ ಕಿಂಗ್ಸ್ 2013ರಲ್ಲಿ ಸಿಯಾಟಲ್‌ಗೆ ಹೊರಟಿತ್ತು, ಊರಿನವರು ಹೋರಾಡಿ ಉಳಿಸಿಕೊಂಡರು. ತಂಡ ಕಳೆದುಕೊಳ್ಳುವ ಭಯ ಏನೆಂದು ಇಲ್ಲಿಯವರಿಗೆ ಚೆನ್ನಾಗಿ ಗೊತ್ತು ಸರ್. ಓಕ್ಲೆಂಡಿನವರ ಮೇಲೆ ನಮಗೆ ಯಾವ ಹಗೆಯೂ ಇಲ್ಲ. ಮೂರು ವರ್ಷ ಇಲ್ಲಿ ಆಡಿ ಹೋಗುವ ತಂಡ ತನ್ನ ಹೆಸರಿನ ಹಿಂದೆ ಸ್ಯಾಕ್ರಮೆಂಟೊ ಎಂದು ಹಾಕಿಕೊಳ್ಳಲೂ ಒಪ್ಪಲಿಲ್ಲ ಎಂಬುದು ನಮಗೂ ನೋವಿನ ಸಂಗತಿ.

ಬೆಲ್‌ವ್ಯೂ ಪುಸ್ತಕಪ್ರಿಯ

ಅಥ್ಲೆಟಿಕ್ಸ್ ಈ ಋತುವಿನ ಮೊದಲ ಪಂದ್ಯ ಆಡಿದ್ದು ನಮ್ಮ ಸಿಯಾಟಲ್‌ನಲ್ಲಿ, ಮಾರ್ಚ್ 27ರಂದು. ಫೋಲ್ಸಮ್ ಮೇಡಂ ಕಿಂಗ್ಸ್ ವಿಷಯ ಎತ್ತಿದ್ದರಿಂದ ಹೇಳುತ್ತೇನೆ: 2008ರಲ್ಲಿ ನಮ್ಮ ಸೋನಿಕ್ಸ್ ಬಾಸ್ಕೆಟ್‌ಬಾಲ್ ತಂಡವನ್ನು ಒಕ್ಲಹೋಮ ಸಿಟಿಗೆ ಒಯ್ದರು. ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಹಳೆಯ ಗಾಯವಿದೆ. ಅದನ್ನು ಒಂದು ಪುಸ್ತಕದಲ್ಲಿ ಓದಬಹುದು.

1969ರಲ್ಲಿ ಸಿಯಾಟಲ್ ಪೈಲಟ್ಸ್ ಎಂಬ ಹೊಸ ತಂಡ ಹುಟ್ಟಿತು. ಒಂದೇ ಋತು ಆಡಿತು, ದಿವಾಳಿಯಾಯಿತು. 1970ರ ವಸಂತದ ಅಭ್ಯಾಸ ಶಿಬಿರ ಮುಗಿದಾಗ ಸಾಮಾನು ತುಂಬಿದ ಲಾರಿಗಳಿಗೆ ಯಾವ ಊರಿಗೆ ಹೋಗಬೇಕೆಂದೇ ಗೊತ್ತಿರಲಿಲ್ಲ. ಯೂಟಾದಲ್ಲಿ ನಿಂತು ನ್ಯಾಯಾಲಯದ ಅಪ್ಪಣೆಗೆ ಕಾದವು. ಋತು ಆರಂಭಕ್ಕೆ ಒಂದು ವಾರ ಇರುವಾಗ ತೀರ್ಪು ಬಂತು: ಮಿಲ್ವಾಕಿ. ಅಂಗಿಯ ಮೇಲಿದ್ದ ಹಳೆಯ ಹೆಸರನ್ನು ಬಿಚ್ಚಿ ಹೊಸದನ್ನು ಹೊಲಿದರು. ಆ ತಂಡವೇ ಇವತ್ತಿನ ಬ್ರೂವರ್ಸ್, ಮೊನ್ನೆ ಯಾಂಕೀಸ್ ಕೈಯಲ್ಲಿ ಒಂಬತ್ತು ಹೋಂ ರನ್ ತಿಂದ ತಂಡ.

ಪೈಲಟ್ಸ್‌ನಲ್ಲಿ ಜಿಮ್ ಬೌಟನ್ ಎಂಬ ಪಿಚರ್ ಇದ್ದರು. ಮೊದಲು ಯಾಂಕೀಸ್‌ನಲ್ಲಿ ಮಿಂಚಿ, ತೋಳು ಕೆಟ್ಟ ಮೇಲೆ ನಕಲ್‌ಬಾಲ್ ಎಂಬ, ಓಲಾಡುತ್ತ ಬರುವ ನಿಧಾನದ ಎಸೆತವನ್ನು ನಂಬಿ ಮರಳಿ ಬಂದವರು. ಆ ವರ್ಷ ದಿನಚರಿ ಬರೆದರು. 1970ರಲ್ಲಿ ಅದು 'ಬಾಲ್ ಫೋರ್' ಎಂಬ ಪುಸ್ತಕವಾಗಿ ಬಂದಾಗ ಬೇಸ್‌ಬಾಲ್ ಲೋಕ ಕೆಂಡವಾಯಿತು. ಆಟಗಾರರ ಕುಡಿತ, ಉತ್ತೇಜಕ ಮಾತ್ರೆ, ಹೆಂಗಸರ ಹಿಂದೆ ಸುತ್ತುವುದು ಎಲ್ಲವೂ ಅದರಲ್ಲಿತ್ತು. ಲೀಗಿನ ಮುಖ್ಯಸ್ಥರಾದ ಕಮಿಷನರ್ ಬೋವಿ ಕೂನ್ ಬೌಟನ್ ಅವರನ್ನು ಕರೆಸಿ ಇದೆಲ್ಲ ಸುಳ್ಳು ಎಂದು ಸಹಿ ಹಾಕಲು ಒತ್ತಾಯಿಸಿದರು. ಬೌಟನ್ ಹಾಕಲಿಲ್ಲ. ಎಲ್ಲರೂ ಮಾತ್ರೆ, ಕುಡಿತದ ಭಾಗವನ್ನೇ ಹಿಡಿದು ಕೂಗಾಡಿದರು. ನನ್ನ ದೃಷ್ಟಿಯಲ್ಲಿ ಆ ಪುಸ್ತಕದ ಬೆಲೆ ಇರುವುದು ಬೇರೆ ಕಡೆ. ವರ್ಷದ ಸಂಬಳಕ್ಕಾಗಿ ಆಟಗಾರ ಜನರಲ್ ಮ್ಯಾನೇಜರ್ ಎದುರು ಹೇಗೆ ಅಂಗಲಾಚಬೇಕಿತ್ತು ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ದಾಖಲಾಗಿದೆ. ಜೊತೆಗೆ, ಸಿಯಾಟಲ್‌ನಲ್ಲಿ ಒಂದೇ ವರ್ಷ ಬಾಳಿದ ತಂಡದ ಉಸಿರು ಅದರಲ್ಲಿದೆ. ಮೈದಾನವನ್ನು ಕೆಡವಿದರು, ತಂಡ ಹೋಯಿತು, ಪುಸ್ತಕ ಉಳಿದಿದೆ.

ಓಕ್ಲೆಂಡ್ ಬಗ್ಗೆ ಎಲ್ಲರೂ ಓದುವ ಪುಸ್ತಕ ಮೈಕಲ್ ಲೂಯಿಸ್ ಅವರ 'ಮನಿಬಾಲ್', 2003ರದ್ದು. ಸುಮಾರು 4 ಕೋಟಿ ಡಾಲರ್ ಸಂಬಳದ ತಂಡ 2002ರಲ್ಲಿ ಸತತ ಇಪ್ಪತ್ತು ಪಂದ್ಯ ಗೆದ್ದ ಕಥೆ. ಬರವಣಿಗೆ ಅದ್ಭುತ, ಎರಡು ಸಲ ಓದಿದ್ದೇನೆ. ಆದರೆ ನನಗೆ ಅದರ ಬಗ್ಗೆ ಗಟ್ಟಿ ತಕರಾರಿದೆ. ಹಡ್ಸನ್, ಮಲ್ಡರ್, ಜಿಟೊ ಎಂಬ ಮೂವರು ಅಪ್ರತಿಮ ಪಿಚರ್‌ಗಳು, ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರನೆಂಬ ಗೌರವ ಪಡೆದ ಮಿಗೆಲ್ ತೆಹಾದ, ಇವರೆಲ್ಲ ಅದರಲ್ಲಿ ಅಂಚಿಗೆ ಸರಿದಿದ್ದಾರೆ. ಬಡತನದಲ್ಲೂ ಬುದ್ಧಿವಂತಿಕೆಯಿಂದ ಗೆಲ್ಲಬಹುದು ಎಂಬ ಕಥೆಯನ್ನು ಮಾಲೀಕರು ಬಹಳ ಇಷ್ಟಪಟ್ಟರು. ದುಡ್ಡು ಖರ್ಚು ಮಾಡದಿರುವುದಕ್ಕೆ ಅವರಿಗೆ ಇಪ್ಪತ್ತು ವರ್ಷ ನೆಪ ಸಿಕ್ಕಿತು.

ಮಲೆನಾಡಿಗ ಸರ್, ಇನ್ನೊಂದು ಮಾತು ಹೇಳಲೇಬೇಕು, ಬೇಸರಿಸಬೇಡಿ. ಓಕ್ಲೆಂಡಿಗೆ ಈ ತಂಡ ಬಂದದ್ದು ಕಾನ್ಸಸ್ ಸಿಟಿಯಿಂದ. ಅದಕ್ಕೂ ಮೊದಲು, 1954ರವರೆಗೆ ಅದು ಫಿಲಡೆಲ್ಫಿಯಾದಲ್ಲಿತ್ತು. ಆ ಊರುಗಳವರೂ ಅತ್ತಿರಬೇಕಲ್ಲವೇ?

ಎಡಿಸನ್ ಓದುಗ

ಪುಸ್ತಕಪ್ರಿಯ ಅವರ ಕೊನೆಯ ಪ್ರಶ್ನೆ ಒಳ್ಳೆಯದು. ನನಗೆ ಕಾಡುವುದು ತಂಡ ಹೋಗುತ್ತಿರುವ ಜಾಗ. ಲಾಸ್ ವೇಗಾಸ್‌ನಲ್ಲಿ ಟ್ರಾಪಿಕಾನ ಎಂಬ ಹಳೆಯ ಕ್ಯಾಸಿನೊ ಹೋಟೆಲನ್ನು ಕಳೆದ ಅಕ್ಟೋಬರ್‌ನಲ್ಲಿ ಸ್ಫೋಟಿಸಿ ಕೆಡವಿದರು. ಅದೇ ನಿವೇಶನದಲ್ಲಿ 2028ಕ್ಕೆ 33,000 ಆಸನಗಳ ಮೈದಾನ ಕಟ್ಟುತ್ತಾರಂತೆ. ನೆವಾಡ ರಾಜ್ಯ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿದೆ.

ಬಾಜಿಯ ಹೆಸರಿನಲ್ಲಿ ಹೆಸರಾಂತ ಆಟಗಾರ ಪೀಟ್ ರೋಸ್ ಅವರನ್ನು 1989ರಲ್ಲಿ ಆಟದಿಂದ ಹೊರಹಾಕಿದ ಸಂಸ್ಥೆ ಇದು. ಅವರು ಕಳೆದ ಸೆಪ್ಟೆಂಬರ್‌ನಲ್ಲಿ ಹೊರಗಿನವರಾಗಿಯೇ ತೀರಿಕೊಂಡರು. 2018ರಲ್ಲಿ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿದ್ದ ಕೇಂದ್ರ ನಿರ್ಬಂಧ ತೆಗೆದುಹಾಕಿದ ಅದೇ ವರ್ಷ ಲೀಗ್ ಒಂದು ಕ್ಯಾಸಿನೊ ಕಂಪನಿಯ ಜೊತೆ ಪಾಲುದಾರಿಕೆ ಮಾಡಿಕೊಂಡಿತು. ಕಳೆದ ವರ್ಷದ ಋತು ಆರಂಭ ನೆನಪಿದೆಯಲ್ಲ? ಸೋಲ್‌ನಲ್ಲಿ ಮೊದಲ ಸರಣಿ ನಡೆಯುತ್ತಿರುವಾಗಲೇ ಡಾಡ್ಜರ್ಸ್ ತಂಡದ ಜಪಾನಿ ತಾರೆ ಶೋಹೆಯಿ ಒಹ್ತಾನಿಯವರ ದುಭಾಷಿ ಇಪ್ಪೆಯ್ ಮಿಜುಹಾರ ಕೆಲಸ ಕಳೆದುಕೊಂಡರು. ಬಾಜಿ ಸಾಲ ತೀರಿಸಲು ಒಹ್ತಾನಿ ಖಾತೆಯಿಂದ ಸುಮಾರು 1.7 ಕೋಟಿ ಡಾಲರ್ ಕದ್ದದ್ದಕ್ಕೆ ಈ ಫೆಬ್ರವರಿಯಲ್ಲಿ 57 ತಿಂಗಳ ಶಿಕ್ಷೆಯಾಗಿದೆ. ನಾನು ಟಿವಿಯಲ್ಲಿ ಪಂದ್ಯ ನೋಡುವಾಗ ಪ್ರತಿ ಬಿಡುವಿನಲ್ಲೂ ಬಾಜಿಯ ಜಾಹೀರಾತು. ಹನ್ನೆರಡು ವರ್ಷದ ಮಗ ಪಕ್ಕದಲ್ಲಿ ಕೂತಿರುತ್ತಾನೆ, ಅದರ ಅರ್ಥವೇನೆಂದು ಕೇಳುತ್ತಾನೆ. ನನಗೆ ಸಿಟ್ಟು ಬರುತ್ತದೆ.

ಜಯನಗರ ನಾಲ್ಕನೇ ಬ್ಲಾಕ್

ಇದರಲ್ಲಿ ನಮ್ಮ ಅನುಭವವೂ ಕಹಿ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳ ಫಿಕ್ಸಿಂಗ್ ಬಗ್ಗೆ ಬೆಂಗಳೂರು ಸಿಸಿಬಿ ಪೊಲೀಸರು ಬಂಧನಗಳನ್ನು ಮಾಡಿದರು, ಲೀಗೇ ನಿಂತುಹೋಯಿತು. ಮೈಸೂರು, ಹುಬ್ಬಳ್ಳಿಯ ಮೈದಾನಗಳಲ್ಲಿ ಸಂಜೆಯ ಪಂದ್ಯಗಳಿಗೆ ಹೋಗುತ್ತಿದ್ದ ನನ್ನಂಥವರಿಗೆ ಅದು ದೊಡ್ಡ ಪೆಟ್ಟು. ತಪ್ಪು ಮಾಡಿದವರು ಯಾರೇ ಇರಲಿ, ಆಡುವ ಅವಕಾಶ ಕಳೆದುಕೊಂಡವರು ಜಿಲ್ಲೆಗಳಿಂದ ಬಂದ ಹುಡುಗರು.

ಹುಬ್ಬಳ್ಳಿ ವಕೀಲ

ಮುಂದಿನ ಜಗಳ ಇದಕ್ಕಿಂತ ದೊಡ್ಡದಾಗಬಹುದು. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹುವಾನ್ ಸೊಟೊ ಎಂಬ ಆಟಗಾರನಿಗೆ ನ್ಯೂಯಾರ್ಕ್ ಮೆಟ್ಸ್ ತಂಡ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿದೆ. ಒಹ್ತಾನಿಯ 70 ಕೋಟಿಯಲ್ಲಿ 68 ಕೋಟಿಯನ್ನು ಡಾಡ್ಜರ್ಸ್ ಒಪ್ಪಂದ ಮುಗಿದ ಮೇಲೆ ಕೊಡಲು ಮುಂದಕ್ಕೆ ಹಾಕಿಕೊಂಡಿದೆ. ಇದನ್ನು ತೋರಿಸಿ ಸಣ್ಣ ತಂಡಗಳ ಮಾಲೀಕರು ಸಂಬಳಕ್ಕೆ ಮಿತಿ ಕೇಳುತ್ತಾರೆ. ಆಗ ಅವರು ಮುಂದಿಡುವುದು ಅಭಿಮಾನಿಗಳ ಹಿತದ ಮಾತನ್ನೇ. ಓಕ್ಲೆಂಡ್ ವಿಷಯದಲ್ಲಿ ಆ ಹಿತಕ್ಕೆ ಎಷ್ಟು ಮತ ಬಿದ್ದಿತ್ತು ಎಂದು ಯಾರಾದರೂ ಕೇಳಬೇಕು.

ಫ್ರೀಮಾಂಟ್ ಮಲೆನಾಡಿಗ

ಪುಸ್ತಕಪ್ರಿಯ ಅವರೇ, ಬೇಸರವೇನಿಲ್ಲ. ಕಾನ್ಸಸ್ ಸಿಟಿಯವರು ಖಂಡಿತ ಅತ್ತಿದ್ದಾರೆ. ಆದರೆ ಅವರಿಗೆ 1969ರಲ್ಲೇ ರಾಯಲ್ಸ್ ತಂಡ ಕೊಟ್ಟರು, ನಿಮ್ಮ ಸಿಯಾಟಲ್‌ಗೆ 1977ರಲ್ಲಿ ಮರಿನರ್ಸ್ ಬಂತು. ಓಕ್ಲೆಂಡಿಗೆ ಅಂಥ ಮಾತನ್ನು ಯಾರೂ ಕೊಟ್ಟಿಲ್ಲ. ಬಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಕೊಲ್ಲಿಯ ಆಚೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು, ಫುಟ್‌ಬಾಲಿನ ರೇಡರ್ಸ್ 2020ರಲ್ಲಿ ಲಾಸ್ ವೇಗಾಸಿಗೇ ಹೋಯಿತು, ಈಗ ಇದು. ಆರು ವರ್ಷಗಳಲ್ಲಿ ಮೂರು ತಂಡಗಳನ್ನು ಕಳೆದುಕೊಂಡ ಇನ್ನೊಂದು ಊರನ್ನು ನಾನು ಕಂಡಿಲ್ಲ.

ಫೋಲ್ಸಮ್ ಮೇಡಂ, ನಿಮ್ಮ ಮಕ್ಕಳು ಸಂತೋಷದಿಂದ ನೋಡಲಿ. ಆಟಗಾರರ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಾನು ಮಾತ್ರ ಅಲ್ಲಿಗೆ ಬರುವುದಿಲ್ಲ, ಆ ಮಾಲೀಕನಿಗೆ ನನ್ನ ಟಿಕೆಟ್ ಹಣ ಹೋಗಕೂಡದು.

ವೆಸ್ಟ್ ಓಕ್ಲೆಂಡಿನ ರೈಮೊಂಡಿ ಪಾರ್ಕ್‌ನಲ್ಲಿ ಕಳೆದ ವರ್ಷದಿಂದ ಓಕ್ಲೆಂಡ್ ಬಾಲರ್ಸ್ ಎಂಬ ಸಣ್ಣ ತಂಡ ಆಡುತ್ತಿದೆ. ಅದು ಮೇಜರ್ ಲೀಗ್ ಅಲ್ಲ, ಪಯೋನಿಯರ್ ಲೀಗ್. ಅಥ್ಲೆಟಿಕ್ಸ್ ಹೋಗುವುದು ಖಚಿತವಾದ ಮೇಲೆ ಊರಿನವರೇ ಇಬ್ಬರು ಸೇರಿ ಕಟ್ಟಿದ್ದು. ಅಭಿಮಾನಿಗಳಿಗೂ ಷೇರು ಮಾರಿದ್ದಾರೆ, ನಾನೂ ಸ್ವಲ್ಪ ಕೊಂಡಿದ್ದೇನೆ. ಅವರ ಋತು ಮೇ ತಿಂಗಳಲ್ಲಿ ಶುರುವಾಗುತ್ತದೆ. ಮೊದಲ ಶನಿವಾರದ ಪಂದ್ಯಕ್ಕೆ ನಾನು, ನನ್ನ ಮಗಳು ಮತ್ತು ಪಕ್ಕದ ಮನೆಯವರು ಹೋಗುತ್ತಿದ್ದೇವೆ. ಕೊಲ್ಲಿಯ ಸುತ್ತಮುತ್ತ ಇರುವವರು ಬರುವುದಾದರೆ ಈ ತಿಂಗಳ ಕೊನೆಯೊಳಗೆ ಇಲ್ಲೇ ತಿಳಿಸಿ, ಎಲ್ಲರಿಗೂ ಒಂದೇ ಸಾಲಿನಲ್ಲಿ ಟಿಕೆಟ್ ತೆಗೆಯುತ್ತೇನೆ. ಎಡಿಸನ್ ಸರ್ ಆ ಕಡೆ ಬಂದರೆ ಮಗನನ್ನೂ ಕರೆತನ್ನಿ.